ಬೇಗಂ ರೋಕೆಯಾ: ಪದೇ ಪದೇ ಕೇಳುವ ಪ್ರಶ್ನೆಗಳು

ರೋಕೆಯಾ ಯಾರು?

ರೋಕೆಯಾ ಸಖಾವತ್ ಹುಸೇನ್ ಬಂಗಾಳದ ಲೇಖಕಿ. ಮುಸ್ಲಿಂ ಹೆಣ್ಣುಮಕ್ಕಳಿಗಾಗಿ ಕಲ್ಕತ್ತಾದಲ್ಲಿ ಶಾಲೆಯೊಂದನ್ನು ಕಟ್ಟಿ, ಎರಡು ದಶಕಗಳಿಗೂ ಹೆಚ್ಚು ಕಾಲ ಅದನ್ನು ನಡೆಸಿದವರು. 1880ರ ಡಿಸೆಂಬರ್ 9ರಂದು ರಂಗಪುರ ಜಿಲ್ಲೆಯ ಪಾಯ್ರಾಬಂದ್ ಎಂಬ ಹಳ್ಳಿಯ ಜಮೀನ್ದಾರಿ ಮನೆತನದಲ್ಲಿ ಹುಟ್ಟಿದರು; 1932ರ ಡಿಸೆಂಬರ್ 9ರಂದು, ಅಂದರೆ ತಮ್ಮ 52ನೆಯ ಹುಟ್ಟುಹಬ್ಬದ ದಿನವೇ, ಕಲ್ಕತ್ತಾದಲ್ಲಿ ತೀರಿಕೊಂಡರು. ಹುಟ್ಟಿದ ಊರು ಈಗ ಬಾಂಗ್ಲಾದೇಶಕ್ಕೆ ಸೇರಿದೆ, ಕಟ್ಟಿದ ಶಾಲೆ ಭಾರತದಲ್ಲಿ ಉಳಿದಿದೆ. ಹೀಗಾಗಿ ಗಡಿಯ ಎರಡೂ ಕಡೆಯವರು ಅವರನ್ನು ತಮ್ಮವರೆಂದೇ ಹೇಳಿಕೊಳ್ಳುತ್ತಾರೆ.

ಅವರ ಹೆಸರನ್ನು ಒಬ್ಬೊಬ್ಬರು ಒಂದೊಂದು ರೀತಿ ಬರೆಯುವುದೇಕೆ?

ಹುಟ್ಟಿದಾಗಿನ ಹೆಸರು ರೋಕೆಯಾ ಖಾತೂನ್. ಇಂಗ್ಲಿಷ್ ಬರಹಗಳಿಗೆ ಅವರು 'ಮಿಸೆಸ್ ಆರ್. ಎಸ್. ಹುಸೇನ್' ಎಂದು ಸಹಿ ಹಾಕುತ್ತಿದ್ದರು. 'ಬೇಗಂ ರೋಕೆಯಾ' ಎಂಬುದು ಜನರು ಗೌರವದಿಂದ ಕರೆದು ರೂಢಿಗೆ ತಂದ ಹೆಸರೇ ಹೊರತು ಅವರು ತಾವಾಗಿ ಇಟ್ಟುಕೊಂಡದ್ದಲ್ಲ. ಗಂಡನ ಹೆಸರನ್ನು ಸಹಿಯಲ್ಲಿ ಉಳಿಸಿಕೊಂಡದ್ದನ್ನು ಕೆಲವರು ಆಕ್ಷೇಪಿಸುವುದುಂಟು. ಆ ಕಾಲದ ಪತ್ರಿಕೆಗಳಲ್ಲಿ ಬರೆದ ಅನೇಕ ಹೆಂಗಸರು ಹೆಸರನ್ನೇ ಹಾಕದೆ ಪ್ರಕಟಿಸುತ್ತಿದ್ದರು ಎಂಬುದನ್ನು ನೆನೆದರೆ ಆ ಆಕ್ಷೇಪಕ್ಕೆ ಹೆಚ್ಚು ಬಲ ಉಳಿಯುವುದಿಲ್ಲ. ಈ ಪುಟದಲ್ಲಿ 'ರೋಕೆಯಾ' ಎಂದಷ್ಟೇ ಬಳಸಲಾಗಿದೆ.

ಶಾಲೆಗೇ ಹೋಗದ ಅವರು ಅಕ್ಷರ ಕಲಿತದ್ದು ಹೇಗೆ?

ತಂದೆ ಜಹೀರುದ್ದೀನ್ ಮುಹಮ್ಮದ್ ಅಬು ಅಲಿ ಹೈದರ್ ಸಾಬೇರ್ ಹಲವು ಭಾಷೆಗಳನ್ನು ಬಲ್ಲ ವಿದ್ಯಾವಂತರು. ಗಂಡುಮಕ್ಕಳಾದ ಇಬ್ರಾಹಿಂ ಮತ್ತು ಖಲೀಲುರ್ ಇಬ್ಬರನ್ನೂ ಅವರು ಕಲ್ಕತ್ತಾದ ಸೇಂಟ್ ಝೇವಿಯರ್ಸ್ ಕಾಲೇಜಿಗೆ ಕಳುಹಿಸಿದರು. ಹೆಣ್ಣುಮಕ್ಕಳ ಪಾಲಿಗೆ ಬಂದದ್ದು ಕುರಾನನ್ನು ಬಾಯಿಪಾಠ ಒಪ್ಪಿಸುವಷ್ಟು ಅರಬ್ಬಿ, ಅದರ ಜೊತೆಗೆ ಒಂದಿಷ್ಟು ಫಾರಸಿ ಮತ್ತು ಉರ್ದು ಮಾತ್ರ. ಮನೆಯ ಹೊರಗೆ ರೈತರೂ ಆಳುಗಳೂ ಆಡುತ್ತಿದ್ದ ಬಂಗಾಳಿಯನ್ನು ಕುಲೀನ ಮುಸ್ಲಿಂ ಮನೆತನಗಳು ತಮ್ಮ ಅಂತಸ್ತಿಗೆ ಕಡಿಮೆಯೆಂದು ಎಣಿಸುತ್ತಿದ್ದವು. ಇಂಗ್ಲಿಷಂತೂ ಹೆಣ್ಣುಮಕ್ಕಳನ್ನು ಕೆಡಿಸುವ ಭಾಷೆಯೆಂದೇ ಲೆಕ್ಕ.

ಅಕ್ಕ ಕರೀಮುನ್ನೀಸಾ ಬಂಗಾಳಿ ಅಕ್ಷರಗಳನ್ನು ಅಂಗಳದ ಮಣ್ಣಿನ ಮೇಲೆ ಗೀಚಿ ಕಲಿತವರು. ಆಕೆ ಬಂಗಾಳಿ ಪುಸ್ತಕ ಓದುತ್ತಾಳೆಂಬುದು ಬಯಲಾದ ಮೇಲೆ ಹದಿನೈದು ತುಂಬುವುದರೊಳಗೆ ಮದುವೆ ಮಾಡಿ ಕಳುಹಿಸಿದರು. ತಂಗಿ ರೋಕೆಯಾಗೆ ಕಲಿಸುವ ಹೊಣೆಯನ್ನು ಅಣ್ಣ ಇಬ್ರಾಹಿಂ ಹೊತ್ತುಕೊಂಡರು. ಮನೆಮಂದಿಯೆಲ್ಲ ಮಲಗಿದ ಮೇಲೆ ಮೇಣದ ಬತ್ತಿ ಹಚ್ಚಿಕೊಂಡು, ದೊಡ್ಡವರಿಗೆ ತಿಳಿಯದಂತೆ, ಆಕೆಗೆ ಇಂಗ್ಲಿಷ್ ಮತ್ತು ಬಂಗಾಳಿ ಹೇಳಿಕೊಟ್ಟರು. ಮುಂದೆ ರೋಕೆಯಾ ತಮ್ಮ ಕಾದಂಬರಿಯನ್ನು ಈ ಅಣ್ಣನಿಗೂ, 'ಮೋತಿಚೂರ್' ಸಂಕಲನದ ಎರಡನೆಯ ಭಾಗವನ್ನು ಆ ಅಕ್ಕನಿಗೂ ಅರ್ಪಿಸಿದರು. ಪಂಡಿತರಾದ ತಂದೆಯಿಂದ ಸಿಗದ ವಿದ್ಯೆಗೆ ಒಡಹುಟ್ಟಿದವರು ಗುರುಗಳಾದದ್ದು ಹೀಗೆ.

ಗೋಷಾ ನಿಜಕ್ಕೂ ಅಷ್ಟು ಕಟ್ಟುನಿಟ್ಟಾಗಿತ್ತೇ?

'ಗೋಷಾ' ಎಂಬ ಪದ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನ ಶಿವಾಜಿನಗರದ ಗೋಷಾ ಆಸ್ಪತ್ರೆಯ ಹೆಸರಿನಲ್ಲಿ ಅದು ಇಂದಿಗೂ ಉಳಿದಿದೆ. ಆದರೆ ಬಂಗಾಳ ಮತ್ತು ಬಿಹಾರದ ಸಿರಿವಂತ ಮುಸ್ಲಿಂ ಮನೆಗಳಲ್ಲಿ ಆಗ ನಡೆಯುತ್ತಿದ್ದುದು ಪರಗಂಡಸರ ಕಣ್ಣಿಗೆ ಬೀಳದಿರುವ ಪದ್ಧತಿಯಷ್ಟೇ ಅಲ್ಲ. ಮದುವೆಯಾಗದ ಹುಡುಗಿಯರು ಮನೆಗೆ ಬಂದ ಹೊರಗಿನ ಹೆಂಗಸರ ಎದುರಿಗೂ ಸುಳಿಯುವಂತಿರಲಿಲ್ಲ.

ಐದನೆಯ ವಯಸ್ಸಿನಿಂದಲೇ ತಾನು ಹೆಂಗಸರಿಂದಲೂ ಮರೆಯಾಗಬೇಕಿತ್ತು ಎಂದು ರೋಕೆಯಾ ಬರೆದುಕೊಂಡಿದ್ದಾರೆ. ಒಮ್ಮೆ ಬಿಹಾರದ ಕಡೆಯ ನೆಂಟರ ಮನೆಯಿಂದ ಬಂದ ಇಬ್ಬರು ದಾಸಿಯರು ಮನೆಯ ತುಂಬ ಯಾವ ಅಡ್ಡಿಯೂ ಇಲ್ಲದೆ ಓಡಾಡತೊಡಗಿದಾಗ, ಆ ಪುಟ್ಟ ಹುಡುಗಿ ಮೇಲಿನ ಅಂತಸ್ತಿನ ಸಣ್ಣ ಕೋಣೆಯಲ್ಲಿ ದಿನಗಟ್ಟಲೆ ಅಡಗಿ ಕೂತಳು. ಊಟ ತಂದುಕೊಡಬೇಕೆಂದು ದೊಡ್ಡವರಿಗೆ ನೆನಪಾದರೆ ಆಯಿತು, ಇಲ್ಲದಿದ್ದರೆ ಇಲ್ಲ. ಅವಳ ವಯಸ್ಸಿನವನೇ ಆದ ಮನೆಯ ಹುಡುಗನೊಬ್ಬ ಆಗೀಗ ಏನಾದರೂ ತಂದುಕೊಡುತ್ತಿದ್ದ. ಯಾರು ಯಾರಿಂದ ಮರೆಯಾಗಬೇಕು, ಏಕೆ ಮರೆಯಾಗಬೇಕು ಎಂಬುದೇ ತಿಳಿಯದ ವಯಸ್ಸು ಅದು. ಕಣ್ಸನ್ನೆ ಸಿಕ್ಕ ಕೂಡಲೇ ಓಡಬೇಕು ಎಂಬುದಷ್ಟೇ ಗೊತ್ತಿತ್ತು.

ಅವರ ಮದುವೆ ಯಾರೊಡನೆ ಆಯಿತು?

1898ರಲ್ಲಿ, ಸುಮಾರು ಹದಿನೆಂಟನೆಯ ವಯಸ್ಸಿನಲ್ಲಿ, ಬಿಹಾರದ ಭಾಗಲ್ಪುರದ ಸಯ್ಯದ್ ಸಖಾವತ್ ಹುಸೇನರೊಡನೆ ಮದುವೆಯಾಯಿತು. ಅವರು ಡೆಪ್ಯುಟಿ ಮ್ಯಾಜಿಸ್ಟ್ರೇಟರಾಗಿದ್ದರು, ಇಂಗ್ಲೆಂಡಿನಲ್ಲಿ ಓದಿ ಬಂದಿದ್ದರು, ಉರ್ದು ಮನೆಮಾತಿನವರು; ವಯಸ್ಸಿನಲ್ಲಿ ರೋಕೆಯಾಗಿಂತ ಬಹಳ ಹಿರಿಯರು, ಮೊದಲ ಹೆಂಡತಿಯನ್ನು ಕಳೆದುಕೊಂಡವರು, ಒಬ್ಬ ಮಗಳ ತಂದೆ. ಕಾಗದದ ಮೇಲೆ ನೋಡಿದರೆ ಸೊಗಸಿಲ್ಲದ ಸಂಬಂಧ. ಆದರೆ ಈ ಮನುಷ್ಯ ಹೆಂಡತಿಯ ಓದಿಗೂ ಬರವಣಿಗೆಗೂ ಬೆನ್ನಿಗೆ ನಿಂತರು. ಅಷ್ಟೇ ಅಲ್ಲ, ಹೆಣ್ಣುಮಕ್ಕಳ ಶಾಲೆಗೆಂದು 10,000 ರೂಪಾಯಿಗಳನ್ನು ಬೇರೆಯಾಗಿ ತೆಗೆದಿರಿಸಿದರು.

ಸಂಸಾರ ಸುಖದ್ದಾಗಿತ್ತು ಎಂದು ಹೇಳಲಾಗದು. ಹುಟ್ಟಿದ ಇಬ್ಬರು ಹೆಣ್ಣುಮಕ್ಕಳೂ ಕೆಲವೇ ತಿಂಗಳ ಕೂಸುಗಳಾಗಿದ್ದಾಗ ತೀರಿಕೊಂಡವು. ಸಕ್ಕರೆ ಕಾಯಿಲೆಯಿಂದ ಗಂಡನ ಕಣ್ಣು ಹೋಯಿತು. ವರ್ಷಗಟ್ಟಲೆ ಅವರ ಆರೈಕೆ ಮಾಡಿದ್ದು ರೋಕೆಯಾ. 1909ರ ಮೇ 3ರಂದು ಸಖಾವತ್ ತೀರಿಕೊಂಡಾಗ ರೋಕೆಯಾಗೆ ಇನ್ನೂ 29 ತುಂಬಿರಲಿಲ್ಲ.

ಅವರ ಬರವಣಿಗೆಯಲ್ಲಿ ಅಂಥದ್ದೇನಿದೆ?

ಮೊದಲು ಅದರ ವ್ಯಂಗ್ಯ. 1904ರಲ್ಲಿ ಬಂದ 'ಮೋತಿಚೂರ್' ಪ್ರಬಂಧ ಸಂಕಲನದ ಹೆಸರು ಕೇಳಿದರೆ ನಮಗೆ ಲಾಡು ನೆನಪಾಗುತ್ತದೆ. ಪದದ ನೇರ ಅರ್ಥ ಮುತ್ತಿನ ಪುಡಿ. ಒಳಗಿರುವುದು ಮಾತ್ರ ಸಿಹಿಯಲ್ಲ. ಅದರ 'ಅರ್ಧಾಂಗಿ' ಎಂಬ ಪ್ರಬಂಧದಲ್ಲಿ ಗಂಡ ಭೂಮಿಯಿಂದ ಸೂರ್ಯನಿಗೂ ನಕ್ಷತ್ರಗಳಿಗೂ ಇರುವ ದೂರವನ್ನು ಅಳೆಯುತ್ತಿರುವಾಗ ಹೆಂಡತಿ ದಿಂಬಿನ ಕವಚದ ಉದ್ದಗಲವನ್ನು ಅಳೆಯುತ್ತಿರುತ್ತಾಳೆ. ಒಂದು ಚಕ್ರ ದೊಡ್ಡದಾಗಿ ಇನ್ನೊಂದು ಚಿಕ್ಕದಾಗಿರುವ ಗಾಡಿ ದೂರ ಹೋಗಲಾರದು, ನಿಂತಲ್ಲೇ ಗಿರಗಿರನೆ ಸುತ್ತುತ್ತದೆ ಎಂಬ ಮಾತೂ ಅದರಲ್ಲಿಯೇ ಬರುತ್ತದೆ.

ಒಡವೆಗಳ ಬಗ್ಗೆ ಅವರು ಬರೆದದ್ದು ಇನ್ನೂ ಚುಚ್ಚುವಂಥದು. ಸೆರೆಯಾಳಿನ ಕಾಲಿಗೆ ಕಬ್ಬಿಣದ ಸಂಕೋಲೆ, ನಮ್ಮ ಕಾಲಿಗೆ ಬೆಳ್ಳಿಯ ಕಡಗ. ಸಾಕುನಾಯಿಯ ಕೊರಳಿಗೆ ಪಟ್ಟಿ, ನಮ್ಮ ಕೊರಳಿಗೆ ರತ್ನದ ಪದಕ. ಎತ್ತಿಗೆ ಮೂಗುದಾರ, ನಮಗೆ ಮೂಗುತಿ ಎಂಬ ಧಾಟಿಯಲ್ಲಿ ಒಂದೊಂದೇ ಆಭರಣವನ್ನು ಎತ್ತಿಕೊಂಡು, ಇವೆಲ್ಲ ದಾಸ್ಯದ ಗುರುತುಗಳೆಂದು ಅವರು ತೋರಿಸುತ್ತ ಹೋಗುತ್ತಾರೆ. ಆಭರಣವೇ ಹೆಂಗಸಿನ ಕೈಯಲ್ಲಿ ಉಳಿಯುವ ಏಕೈಕ ಆಸ್ತಿಯಲ್ಲವೇ ಎಂದು ಇಂದಿನ ಓದುಗರು ಕೇಳಬಹುದು, ನ್ಯಾಯವಾದ ಪ್ರಶ್ನೆಯೇ. ಆದರೆ ರೋಕೆಯಾರ ದೃಷ್ಟಿ ಇದ್ದದ್ದು ಒಡವೆಯ ಬೆಲೆಯ ಮೇಲಲ್ಲ, ಅದನ್ನು ತೊಟ್ಟು ಬೀಗುವ ಮನಸ್ಸಿನ ಮೇಲೆ.

'ಗೃಹ' ಎಂಬ ಇನ್ನೊಂದು ಪ್ರಬಂಧದಲ್ಲಿ ಅವರು ತವರು, ಗಂಡನ ಮನೆ, ಮಗನ ಮನೆ ಇವುಗಳನ್ನೆಲ್ಲ ಹುಡುಕಿ, ತನ್ನದು ಎನ್ನಬಹುದಾದ ಮನೆ ಹೆಂಗಸಿಗೆ ಎಲ್ಲಿಯೂ ಇಲ್ಲವೆಂದು ಲೆಕ್ಕ ಒಪ್ಪಿಸುತ್ತಾರೆ. ಹೆಣ್ಣಿನ ವಿಷಯವೊಂದೇ ಅವರದಾಗಿರಲಿಲ್ಲ: ಸೆಣಬು ಬೆಳೆದೂ ಹೊಟ್ಟೆಬಟ್ಟೆಗೆ ಪರದಾಡುವ ರೈತನ ಬಗ್ಗೆ, ಮನೆಮನೆಯಲ್ಲಿ ನೂಲುತ್ತಿದ್ದ ಎಂಡಿ ರೇಷ್ಮೆ ಕಣ್ಮರೆಯಾದ ಬಗ್ಗೆ ಅವರು ಬರೆದದ್ದನ್ನು ಹೊರಗಿನವರು ಗಮನಿಸಿದ್ದು ಕಡಿಮೆ.

ಅವರು ಧರ್ಮವನ್ನು ವಿರೋಧಿಸುತ್ತಿದ್ದರೇ?

ಈ ಪ್ರಶ್ನೆಗೆ ಕಾರಣವಾದದ್ದು 1904ರಲ್ಲಿ 'ನವನೂರ್' ಪತ್ರಿಕೆಯಲ್ಲಿ ಅಚ್ಚಾದ ಅವರ ಲೇಖನ. ಹೆಣ್ಣು ತಲೆ ಎತ್ತಿದಾಗಲೆಲ್ಲ ಧರ್ಮದ ನೆಪವನ್ನೋ ಶಾಸ್ತ್ರದ ವಚನವನ್ನೋ ಆಯುಧ ಮಾಡಿಕೊಂಡು ಆ ತಲೆಗೆ ಹೊಡೆಯಲಾಗಿದೆ, ಧರ್ಮಗ್ರಂಥಗಳೆನಿಸಿಕೊಂಡವು ಗಂಡಸರು ಕಟ್ಟಿದ ನಿಯಮಗಳೇ ಎಂಬ ಅರ್ಥದ ಮಾತುಗಳು ಅದರಲ್ಲಿದ್ದವು. ದೊಡ್ಡ ಗದ್ದಲವಾಯಿತು. ಅದೇ ಲೇಖನವನ್ನು 'ಮೋತಿಚೂರ್' ಸಂಕಲನಕ್ಕೆ ಸೇರಿಸುವಾಗ ಅವರು ಇಂಥ ಮಾತುಗಳಿದ್ದ ಐದು ಪರಿಚ್ಛೇದಗಳನ್ನು ತೆಗೆದುಹಾಕಿದರು.

ಅದನ್ನು ಸೋಲು ಎನ್ನುವವರಿದ್ದಾರೆ. ನನಗೆ ಹಾಗೆ ಕಾಣುವುದಿಲ್ಲ. ನಂತರದ ಇಪ್ಪತ್ತೆಂಟು ವರ್ಷಗಳಲ್ಲಿ ಅವರು ಹಿಡಿದ ದಾರಿ ಬೇರೆ: ಹೆಣ್ಣಿಗೆ ಆಸ್ತಿಯ ಹಕ್ಕನ್ನೂ ವಿದ್ಯೆಯ ಹಕ್ಕನ್ನೂ ಕೊಟ್ಟ ಇಸ್ಲಾಮಿನ ಮಾತನ್ನು ಮುಸ್ಲಿಮರೇ ಏಕೆ ಪಾಲಿಸುತ್ತಿಲ್ಲ ಎಂದು ಅವರು ಕೇಳತೊಡಗಿದರು. ಉತ್ತರ ಕೊಡಲು ಹೆಚ್ಚು ಕಷ್ಟವಾದದ್ದು ಈ ಎರಡನೆಯ ಪ್ರಶ್ನೆಗೇ. ಸ್ವಂತ ಬದುಕಿನಲ್ಲಿ ಅವರು ನಂಬಿಕೆಯುಳ್ಳ ಮುಸ್ಲಿಂ ಹೆಂಗಸು. ಶಾಲೆಯಲ್ಲಿ ಕುರಾನನ್ನು ಅರ್ಥಸಹಿತ ಕಲಿಸಬೇಕೆಂದು ಪಟ್ಟು ಹಿಡಿದವರು.

'ಸುಲ್ತಾನಾಸ್ ಡ್ರೀಮ್' ಎಂದರೇನು?

ಅವರು ಇಂಗ್ಲಿಷಿನಲ್ಲಿ ಬರೆದ ಸಣ್ಣ ಕಥೆ. 1905ರಲ್ಲಿ ಮದರಾಸಿನ 'ಇಂಡಿಯನ್ ಲೇಡೀಸ್ ಮ್ಯಾಗಜೀನ್' ಪತ್ರಿಕೆಯಲ್ಲಿ ಪ್ರಕಟವಾಗಿ, 1908ರಲ್ಲಿ ಕಲ್ಕತ್ತಾದಿಂದ ಪುಸ್ತಕವಾಗಿ ಬಂದಿತು. ಆ ಪತ್ರಿಕೆಯನ್ನು ನಡೆಸುತ್ತಿದ್ದವರು ಕಮಲಾ ಸತ್ಯನಾಥನ್. ಭಾಗಲ್ಪುರದ ಅಂತಃಪುರದಲ್ಲಿ ಕುಳಿತಿದ್ದ ಬಂಗಾಳಿ ಮುಸ್ಲಿಂ ಹೆಂಗಸಿನ ಕಥೆ ಮೊದಲು ಅಚ್ಚಾದದ್ದು ದಕ್ಷಿಣ ಭಾರತದಲ್ಲಿ, ಹೆಂಗಸೊಬ್ಬರ ಸಂಪಾದಕತ್ವದಲ್ಲಿ ಎಂಬುದು ನಮ್ಮ ಕಡೆಯವರು ನೆನಪಿಡಬೇಕಾದ ಸಂಗತಿ.

ಹುಟ್ಟಿದ ಬಗೆಯನ್ನು ರೋಕೆಯಾರೇ ಹೇಳಿದ್ದಾರೆ. ಗಂಡ ಸರ್ಕಾರಿ ಕೆಲಸದ ಮೇಲೆ ಪ್ರವಾಸ ಹೋಗಿದ್ದಾಗ, ಹೊತ್ತು ಕಳೆಯಲು ಮತ್ತು ತಮ್ಮ ಇಂಗ್ಲಿಷನ್ನು ಪರೀಕ್ಷಿಸಿಕೊಳ್ಳಲು, ಅವರು ಇದನ್ನು ಬರೆದರು. ಮರಳಿ ಬಂದ ಸಖಾವತ್ ನಿಂತ ನಿಲುವಿನಲ್ಲೇ ಪೂರ್ತಿ ಓದಿ, ಭಯಂಕರ ಸೇಡು ಎಂದು ಉದ್ಗರಿಸಿದರಂತೆ.

ಸೇಡು ಹೌದು, ಆದರೆ ನಗಿಸುವ ಸೇಡು. ಆರಾಮ ಕುರ್ಚಿಯಲ್ಲಿ ಒರಗಿದ್ದ ಸುಲ್ತಾನಾ, ಸಿಸ್ಟರ್ ಸಾರಾ ಎಂಬಾಕೆಯ ಜೊತೆ ಒಂದು ಹೆಣ್ಣುನಾಡಿಗೆ ಹೋಗುತ್ತಾಳೆ. ಅಲ್ಲಿ ಗಂಡಸರೆಲ್ಲ 'ಮರ್ದಾನಾ'ದೊಳಗೆ, ಅಂದರೆ ಗಂಡಸರ ಅಂತಃಪುರದೊಳಗೆ, ಅಡುಗೆ ಮಾಡಿಕೊಂಡು, ಮಕ್ಕಳನ್ನು ನೋಡಿಕೊಂಡು ಇರುತ್ತಾರೆ. ಬೀದಿಯಲ್ಲಿ ಹೆಂಗಸರದೇ ಓಡಾಟ. ನಾಚಿಕೊಂಡು ನಡೆಯುವ ಸುಲ್ತಾನಾಳನ್ನು ನೋಡಿ ದಾರಿಹೋಕರು ಗಂಡಸಿನ ಹಾಗಿದ್ದಾಳೆ ಎಂದು ನಗುತ್ತಾರೆ, ಏಕೆಂದರೆ ಆ ನಾಡಿನಲ್ಲಿ ಅಂಜುಬುರುಕರನ್ನು ಕರೆಯುವುದೇ ಹಾಗೆ. ಸೂರ್ಯನ ಶಾಖವನ್ನು ಹಿಡಿದಿಟ್ಟುಕೊಂಡು ಅದರಲ್ಲಿ ಅಡುಗೆ ಮಾಡುತ್ತಾರೆ. ಬಲೂನಿನಿಂದ ಮೋಡದ ನೀರನ್ನು ನೇರವಾಗಿ ಇಳಿಸಿಕೊಳ್ಳುತ್ತಾರೆ. ಹೊಲ ಉಳುವುದು ವಿದ್ಯುತ್ತಿನಿಂದ, ಪ್ರಯಾಣ ಆಕಾಶಮಾರ್ಗದಲ್ಲಿ. ಇಪ್ಪತ್ತೊಂದು ತುಂಬದ ಹುಡುಗಿಗೆ ಮದುವೆ ಇಲ್ಲವೆಂದು ರಾಣಿಯ ಕಟ್ಟಳೆ.

ಕಚೇರಿಯ ಕೆಲಸವನ್ನೂ ಮನೆಗೆಲಸವನ್ನೂ ಹೆಂಗಸರು ಹೇಗೆ ನಿಭಾಯಿಸುತ್ತಾರೆಂದು ಸುಲ್ತಾನಾ ಕೇಳಿದಾಗ ಸಾರಾ ಒಂದು ಲೆಕ್ಕ ಹೇಳುತ್ತಾಳೆ: ಒಂದು ಚುಟ್ಟ ಉರಿದು ಮುಗಿಯಲು ಅರ್ಧ ಗಂಟೆ, ಗಂಡಸು ದಿನಕ್ಕೆ ಹನ್ನೆರಡು ಚುಟ್ಟ ಸೇದಿದರೆ ಆರು ಗಂಟೆ ಹೊಗೆಯಲ್ಲಿ ಹೋಯಿತು. ಗಂಡಸರಿಂದ ಅಪಾಯವಿದೆಯೆಂದು ಹೆಂಗಸರನ್ನು ಒಳಗಿಡುವ ಪದ್ಧತಿಯನ್ನು ಕೇಳಿ ಆಕೆ ಹುಬ್ಬೇರಿಸುತ್ತಾಳೆ. ಹುಚ್ಚಾಸ್ಪತ್ರೆಯಿಂದ ಹುಚ್ಚರು ತಪ್ಪಿಸಿಕೊಂಡರೆ, ನೆಟ್ಟಗಿರುವವರನ್ನು ಒಳಗೆ ಹಾಕಿ ಹುಚ್ಚರನ್ನು ಹೊರಗೆ ಬಿಡುತ್ತೀರೇನು ಎಂಬುದು ಆಕೆಯ ಪ್ರಶ್ನೆ. ಆ ನಾಡು ಯುದ್ಧವನ್ನು ಗೆಲ್ಲುವುದೂ ವಿದ್ಯೆಯಿಂದಲೇ: ಗಂಡಸರ ಸೇನೆ ಸೋತ ಮೇಲೆ ವಿಶ್ವವಿದ್ಯಾಲಯದ ಪ್ರಾಂಶುಪಾಲೆ ಎರಡು ಸಾವಿರ ವಿದ್ಯಾರ್ಥಿನಿಯರೊಡನೆ ಹೊರಟು, ಕೂಡಿಟ್ಟ ಸೂರ್ಯಕಿರಣಗಳನ್ನು ಶತ್ರುಗಳತ್ತ ತಿರುಗಿಸುತ್ತಾಳೆ. ಇದನ್ನು ಬರೆದ ಸುಮಾರು ಇಪ್ಪತ್ತೈದು ವರ್ಷಗಳ ನಂತರ ರೋಕೆಯಾ ನಿಜವಾಗಿಯೂ ವಿಮಾನ ಏರಿದರು. 'ಬಾಯುಜಾನೆ ಪಂಚಾಶ್ ಮೈಲ್', ಅಂದರೆ ವಾಯುಯಾನದಲ್ಲಿ ಐವತ್ತು ಮೈಲಿ, ಎಂಬುದು ಆ ಅನುಭವದ ಮೇಲೆ ಅವರು ಬರೆದ ಲೇಖನ.

ಶಾಲೆ ಎಲ್ಲಿ, ಯಾವಾಗ ಆರಂಭವಾಯಿತು?

ಗಂಡ ತೀರಿಕೊಂಡ ಐದೇ ತಿಂಗಳಲ್ಲಿ, 1909ರ ಅಕ್ಟೋಬರ್ 1ರಂದು, ಭಾಗಲ್ಪುರದಲ್ಲಿ ಐದು ಹುಡುಗಿಯರೊಂದಿಗೆ ಸಖಾವತ್ ಮೆಮೋರಿಯಲ್ ಗರ್ಲ್ಸ್ ಸ್ಕೂಲ್ ಆರಂಭವಾಯಿತು. ಸ್ವತಃ ಶಾಲೆಯ ಮೆಟ್ಟಿಲು ಹತ್ತದ ರೋಕೆಯಾಗೆ ಒಬ್ಬ ಶಿಕ್ಷಕಿ ಏಕಕಾಲದಲ್ಲಿ ಐದು ಮಕ್ಕಳಿಗೆ ಪಾಠ ಹೇಳುವುದಾದರೂ ಹೇಗೆಂದು ತೋಚಿರಲಿಲ್ಲ ಎಂದು ಅವರ ಶಿಷ್ಯೆ ಶಂಸುನ್ನಹಾರ್ ಮಹಮೂದ್ ದಾಖಲಿಸಿದ್ದಾರೆ. ತರಗತಿ ಎಂಬ ಏರ್ಪಾಟನ್ನೇ ಅವರು ಕಣ್ಣಾರೆ ಕಂಡಿರಲಿಲ್ಲ.

ಅಲ್ಲಿ ಶಾಲೆ ಬಾಳಲಿಲ್ಲ. ಆಸ್ತಿಯ ವಿಚಾರವಾಗಿ ಸಖಾವತರ ಮೊದಲ ಮದುವೆಯ ಮಗಳ ಕಡೆಯವರೊಡನೆ ಮನಸ್ತಾಪ ಬೆಳೆದು, ರೋಕೆಯಾ 1910ರಲ್ಲಿ ಭಾಗಲ್ಪುರವನ್ನೇ ಬಿಟ್ಟು ಕಲ್ಕತ್ತಾಕ್ಕೆ ಬಂದರು. 1911ರ ಮಾರ್ಚ್ 16ರಂದು ವಲಿಯುಲ್ಲಾ ಗಲ್ಲಿಯ 13ನೆಯ ನಂಬರಿನ ಬಾಡಿಗೆ ಮನೆಯಲ್ಲಿ ಶಾಲೆ ಮತ್ತೆ ತೆರೆಯಿತು: ಎಂಟು ಮಕ್ಕಳು, ಎರಡು ಬೆಂಚು. 1915ರ ಹೊತ್ತಿಗೆ ಮಕ್ಕಳ ಸಂಖ್ಯೆ 84ಕ್ಕೆ ಏರಿತು; 1930ರ ವೇಳೆಗೆ ಅದು ಪೂರ್ಣ ಪ್ರೌಢಶಾಲೆಯಾಯಿತು. ಈ ಅಂಕಿಗಳ ಹಿಂದಿರುವುದು ಮನೆಮನೆ ತಿರುಗಿದ ಶ್ರಮ. ಗಂಡಸರನ್ನು ಒಪ್ಪಿಸಿ, ಹೆಂಗಸರ ಅಂಜಿಕೆ ಬಿಡಿಸಿ, ಮಗಳನ್ನು ಕಳುಹಿಸಿದರೆ ಪರದೆಗೆ ಭಂಗ ಬಾರದೆಂದು ಮಾತು ಕೊಟ್ಟು ಒಂದೊಂದು ಮಗುವನ್ನು ಕರೆತರಬೇಕಾಗಿತ್ತು.

ಏನನ್ನು ಕಲಿಸುತ್ತಿದ್ದರು?

ಕುರಾನ್ ಪಠಣ ಮತ್ತು ಅದರ ಅರ್ಥ, ಉರ್ದು, ಬಂಗಾಳಿ, ಇಂಗ್ಲಿಷ್, ಫಾರಸಿ, ಹೊಲಿಗೆ, ಅಡುಗೆ, ರೋಗಿಗಳ ಆರೈಕೆ, ಪ್ರಥಮ ಚಿಕಿತ್ಸೆ ಮತ್ತು ವ್ಯಾಯಾಮ. ಮಕ್ಕಳು ಮೈ ಬಗ್ಗಿಸಿ ವ್ಯಾಯಾಮ ಮಾಡುವುದು ಅಂದಿನ ಕುಲೀನ ಮನೆಗಳಿಗೆ ಇಂಗ್ಲಿಷಿಗಿಂತ ಹೆಚ್ಚು ಮುಜುಗರ ತರುವ ವಿಷಯವಾಗಿತ್ತು. ಬಂಗಾಳಿಯ ಪರವಾಗಿ ಜೀವಮಾನವಿಡೀ ವಾದಿಸಿದ ರೋಕೆಯಾರ ಶಾಲೆಯಲ್ಲಿ ಪಾಠ ಮೊದಲು ನಡೆದದ್ದು ಉರ್ದುವಿನಲ್ಲಿ ಎಂಬುದನ್ನು ಓದಿದವರು ಬೆರಗಾಗುತ್ತಾರೆ. ಕಾರಣ ಸರಳ: ಮಗಳನ್ನು ಶಾಲೆಗೆ ಕಳುಹಿಸಲು ಒಪ್ಪಿದ ಕಲ್ಕತ್ತಾದ ಮುಸ್ಲಿಂ ಮನೆಗಳ ಮಾತು ಉರ್ದುವಾಗಿತ್ತು. ಬಂಗಾಳಿ ವಿಭಾಗಕ್ಕೆ ಮಕ್ಕಳು ಸಿಗುವುದೇ ಕಷ್ಟವಾಗಿತ್ತು.

ಶಾಲೆಯ ಬಸ್ಸಿನ ಕಥೆ ಏನು?

ಇದನ್ನು ರೋಕೆಯಾರೇ ವಿವರವಾಗಿ ಬರೆದಿದ್ದಾರೆ. ಮಕ್ಕಳು ಯಾರ ಕಣ್ಣಿಗೂ ಬೀಳದಂತೆ ಶಾಲೆಗೆ ಬಂದುಹೋಗಬೇಕು ಎಂಬುದು ಪೋಷಕರ ಮೊದಲ ಷರತ್ತು. ಅದಕ್ಕೆ ತಕ್ಕಂತೆ ಹೊಸ ಮೋಟಾರು ಬಸ್ಸನ್ನು ಸುತ್ತಲೂ ಮುಚ್ಚಿ ಮಾಡಿಸಿದ್ದಾಯಿತು. ಗಾಳಿಗೆಂದು ಹಿಂದೆ ಮುಂದೆ ಒಂದಿಷ್ಟು ಜಾಲರಿ, ಅಷ್ಟೇ. ಮೊದಲ ದಿನ ಮಕ್ಕಳ ಜೊತೆ ಹೋಗಿ ಬಂದ ಶಿಕ್ಷಕಿ, ಒಳಗೆ ಕತ್ತಲೆ, ಅಸಾಧ್ಯ ಸೆಕೆ, ಮಕ್ಕಳು ಹೆದರಿ ಅಳುತ್ತವೆ ಎಂದು ವರದಿ ಒಪ್ಪಿಸಿದರು. ಕೆಲವು ಮಕ್ಕಳು ವಾಂತಿ ಮಾಡಿಕೊಂಡವು, ಕೆಲವು ಮೂರ್ಛೆ ಹೋದವು. ನೋಡಿದವರೊಬ್ಬರು ಆ ಬಸ್ಸನ್ನು ಚಲಿಸುವ ಕಗ್ಗತ್ತಲ ಕೋಣೆ ಎಂದು ಕರೆದರು. ಸೆರೆಸಿಕ್ಕ ಇಂಗ್ಲಿಷರು ಇಕ್ಕಟ್ಟಾದ ಕೋಣೆಯೊಂದರಲ್ಲಿ ಉಸಿರುಕಟ್ಟಿ ಸತ್ತ 1756ರ ಕಲ್ಕತ್ತಾದ ಬ್ಲ್ಯಾಕ್ ಹೋಲ್ ನೆನಪು ಅದರ ಹಿಂದಿತ್ತು.

ಮುಚ್ಚಿದ್ದ ಪಕ್ಕಗಳನ್ನು ತೆರೆಸಿ ಬಣ್ಣದ ಪರದೆಗಳನ್ನು ಕಟ್ಟಿಸಿದರು. ಮಕ್ಕಳು ಉಸಿರಾಡಿದವು. ಕೂಡಲೇ ಕಾಗದಗಳು ಬಂದವು: ಗಾಳಿಗೆ ಪರದೆ ಹಾರಿ ಹೆಣ್ಣುಮಕ್ಕಳು ಬೀದಿಗೆ ಕಾಣುತ್ತಾರೆ, ಸರಿಯಾದ ವ್ಯವಸ್ಥೆ ಮಾಡದಿದ್ದರೆ ಉರ್ದು ಪತ್ರಿಕೆಗಳಲ್ಲಿ ಬರೆಯುತ್ತೇವೆ ಎಂಬ ಬೆದರಿಕೆ. ಒಂದು ಕಾಗದದ ಕೆಳಗಿದ್ದ ಸಹಿ 'ಬ್ರದರ್ ಇನ್ ಇಸ್ಲಾಂ', ಅಂದರೆ ಇಸ್ಲಾಮಿನಲ್ಲಿ ನಿಮ್ಮ ಸಹೋದರ. ಪರದೆ ಬಿಗಿದರೆ ಮಕ್ಕಳ ಉಸಿರು ಕಟ್ಟುತ್ತದೆ, ಸಡಿಲಿಸಿದರೆ ಶಾಲೆಯ ಉಸಿರು ಕಟ್ಟುತ್ತದೆ. ಇಂಥ ಮನೆತನದಲ್ಲಿ ಏಕೆ ಹುಟ್ಟಿದೆನೋ ಎಂಬ ಹತಾಶೆಯ ಎರಡು ಸಾಲಿನ ಪದ್ಯದೊಂದಿಗೆ ಅವರು ಆ ಪ್ರಸಂಗವನ್ನು ಮುಗಿಸುತ್ತಾರೆ.

ಅವರೂ ಬುರ್ಖಾ ಧರಿಸುತ್ತಿದ್ದರೇ? ಅದು ಅವರ ಮಾತಿಗೆ ವಿರುದ್ಧವಲ್ಲವೇ?

ಧರಿಸುತ್ತಿದ್ದರು. 'ಬುರ್ಖಾ' ಎಂಬ ಪ್ರಬಂಧದಲ್ಲಿ ಅದನ್ನು ಸಮರ್ಥಿಸಿಯೂ ಇದ್ದಾರೆ. ಬೇಕಾದಷ್ಟು ಪರದೆ ಇರಲಿ, ಅತಿಯಾದದ್ದು ಹೋಗಲಿ, ಹೆಣ್ಣಿನ ಹಿಂದುಳಿದ ಸ್ಥಿತಿಗೆ ಮೂಲ ಕಾರಣ ವಿದ್ಯೆಯಿಲ್ಲದಿರುವುದು ಎಂಬುದು ಅಲ್ಲಿನ ವಾದ. ಅವರು ಮಾಡುತ್ತಿದ್ದ ಮುಖ್ಯ ಭೇದ ಪರದೆಗೂ 'ಅವರೋಧ'ಕ್ಕೂ ನಡುವಿನದು. ಕನ್ನಡದಲ್ಲಿ ಅವರೋಧವೆಂದರೆ ಅಡ್ಡಿ ಎಂಬ ಅರ್ಥವೇ ಇಂದು ಬಳಕೆಯಲ್ಲಿದೆ; ಸಂಸ್ಕೃತದಲ್ಲಿ ಅದಕ್ಕೆ ಅಂತಃಪುರವೆಂಬ ಅರ್ಥವೂ ಉಂಟು, ಬಂಗಾಳಿಯಲ್ಲಿ ಉಳಿದುಕೊಂಡದ್ದು ಹೆಂಗಸನ್ನು ನಾಲ್ಕು ಗೋಡೆಗಳ ನಡುವೆ ಕೂಡಿಹಾಕುವ ಈ ಅರ್ಥ. ಮೈ ಮುಚ್ಚುವ ಬಟ್ಟೆಯೊಡನೆ ರೋಕೆಯಾಗೆ ಜಗಳವಿರಲಿಲ್ಲ, ಕೂಡಿಹಾಕುವುದರೊಡನೆ ಇತ್ತು.

ಜೊತೆಗೆ ಬಸ್ಸಿನ ಕಥೆಯನ್ನು ಓದಿದವರಿಗೆ ಇನ್ನೊಂದು ಕಾರಣವೂ ಹೊಳೆಯುತ್ತದೆ. ಶಾಲೆಯ ಯಜಮಾನಿ ಮುಸುಕು ತೆಗೆದ ದಿನ ಮಕ್ಕಳ ಬೆಂಚು ಖಾಲಿಯಾಗುತ್ತಿತ್ತು. ಲೇಖನಿಯಲ್ಲಿ ಅವರು ತೋರಿಸಿದ ಧೈರ್ಯವನ್ನೂ ಶಾಲೆಯಲ್ಲಿ ತೋರಿಸಿದ ತಾಳ್ಮೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗುವವರು, ಎರಡನ್ನೂ ನಡೆಸುತ್ತಿದ್ದದ್ದು ಒಂದೇ ಜೀವ ಎಂಬುದನ್ನು ಮರೆಯುತ್ತಾರೆ. ಪುಸ್ತಕವನ್ನು ಒಪ್ಪದವನು ಮುಚ್ಚಿಟ್ಟರೆ ಸಾಕು. ಶಾಲೆಯನ್ನು ಒಪ್ಪದವನು ಮಗಳನ್ನೇ ಬಿಡಿಸಿಕೊಂಡು ಹೋಗುತ್ತಾನೆ.

'ಅವರೋಧವಾಸಿನಿ' ಯಾವ ಬಗೆಯ ಪುಸ್ತಕ?

'ಮಾಸಿಕ ಮೊಹಮ್ಮದಿ' ಪತ್ರಿಕೆಯಲ್ಲಿ ಕಂತುಗಳಾಗಿ ಬಂದು 1931ರಲ್ಲಿ ಪುಸ್ತಕವಾದ 47 ಪ್ರಸಂಗಗಳ ಸಂಗ್ರಹ. ವಾದವಿಲ್ಲ, ಉಪದೇಶವಿಲ್ಲ, ಕಂಡದ್ದು ಕೇಳಿದ್ದನ್ನು ನಂಬರು ಹಾಕಿ ಹೇಳುತ್ತಾರೆ. ಕೆಲವನ್ನು ಓದಿ ನಗು ಬರುತ್ತದೆ, ನಕ್ಕ ಮರುಗಳಿಗೆಯಲ್ಲಿ ನಾಚಿಕೆಯಾಗುತ್ತದೆ. ಹಜ್ ಯಾತ್ರೆಗೆ ಹೊರಟ ಮನೆಯ ಹೆಂಗಸರನ್ನು ಕಲ್ಕತ್ತಾದ ರೈಲು ನಿಲ್ದಾಣದಲ್ಲಿ ಕೂರಿಸಿ ಮೇಲೆ ಜಮಖಾನ ಹೊದಿಸಿದ್ದರೆ, ಅದನ್ನು ಸಾಮಾನಿನ ಮೂಟೆಯೆಂದು ತಿಳಿದ ರೈಲ್ವೆ ನೌಕರ ಬೂಟುಗಾಲಿನಿಂದ ಒದೆಯುತ್ತಾನೆ, ಒಳಗಿನವರು ಪಿಟ್ಟೆನ್ನುವುದಿಲ್ಲ.

ಕಿಯುಲ್ ನಿಲ್ದಾಣದ ಪ್ರಸಂಗದಲ್ಲಿ ನಗುವಿಲ್ಲ. ರೋಕೆಯಾರ ಗಂಡನ ಕಡೆಯ ಹಿರಿಯ ಹೆಂಗಸೊಬ್ಬರು ರೈಲು ಬದಲಿಸುವಾಗ ಬುರ್ಖಾ ತೊಡರಿ ರೈಲಿಗೂ ಪ್ಲಾಟ್‌ಫಾರಮ್ಮಿಗೂ ನಡುವಿನ ಸಂದಿಗೆ ಬಿದ್ದರು. ಎತ್ತಲು ಬಂದ ಕೂಲಿಗಳನ್ನು ಜೊತೆಗಿದ್ದ ದಾಸಿ ತಡೆದಳು. ಬೀಬಿಯನ್ನು ಪರಗಂಡಸರು ಮುಟ್ಟಬಾರದು. ಆಕೆಯೊಬ್ಬಳಿಂದ ಎತ್ತಲಾಗಲಿಲ್ಲ. ಅರ್ಧ ಗಂಟೆ ಕಾದ ರೈಲು ಹೊರಟಿತು. ನಜ್ಜುಗುಜ್ಜಾದ ಆ ಜೀವ ಹೋಗಲು ಹನ್ನೊಂದು ಗಂಟೆ ಹಿಡಿಯಿತು. ರೋಕೆಯಾ ಇದನ್ನು ದನಿ ಏರಿಸದೆ ಬರೆದಿದ್ದಾರೆ.

ಅದೇ ಪುಸ್ತಕದ ಮುನ್ನುಡಿಯಂಥ ನಿವೇದನೆಯಲ್ಲಿ ಅವರ ಸ್ವಭಾವ ಚೆನ್ನಾಗಿ ಕಾಣುತ್ತದೆ. ಕುರ್ಸಿಯೊಂಗ್ ಮತ್ತು ಮಧುಪುರಕ್ಕೆ ಹೋದಾಗ ಚೆಂದದ ಕಲ್ಲುಗಳನ್ನು ಹೆಕ್ಕಿದೆ, ಒರಿಸ್ಸಾ ಮತ್ತು ಮದರಾಸಿನ ಕಡಲತಡಿಯಲ್ಲಿ ಬಣ್ಣಬಣ್ಣದ ಚಿಪ್ಪುಗಳನ್ನು ಹೆಕ್ಕಿದೆ, ಇಪ್ಪತ್ತೈದು ವರ್ಷ ಸಮಾಜಸೇವೆ ಮಾಡಿ ಮೊಂಡು ಮುಲ್ಲಾಗಳ ಶಾಪಗಳನ್ನು ಹೆಕ್ಕುತ್ತಿದ್ದೇನೆ ಎಂಬುದು ಅಲ್ಲಿನ ಮಾತಿನ ಸಾರ.

ಅವರು ಕಾದಂಬರಿ ಬರೆದಿದ್ದಾರೆಯೇ?

'ಪದ್ಮರಾಗ' (1924) ಅವರ ಕಾದಂಬರಿ. ತಾರಿಣಿ ಭವನ ಎಂಬ ಆಶ್ರಯಧಾಮದಲ್ಲಿ ಹಿಂದೂ, ಮುಸ್ಲಿಂ, ಕ್ರೈಸ್ತ, ಬ್ರಹ್ಮಸಮಾಜದ ಹೆಂಗಸರು ಒಟ್ಟಿಗೆ ಬದುಕುತ್ತ ಶಾಲೆಯನ್ನೂ ಕುಶಲ ಕೈಗೆಲಸದ ಕೇಂದ್ರವನ್ನೂ ನಡೆಸುತ್ತಾರೆ. ನಾಯಕಿ ಸಿದ್ದೀಕಾ ಕೊನೆಗೆ ತನ್ನನ್ನು ಪ್ರೀತಿಸುವ ಗಂಡನೊಡನೆ ಸಂಸಾರ ಹೂಡಲು ಒಪ್ಪುವುದಿಲ್ಲ. ಕಥನಕಲೆಯ ದೃಷ್ಟಿಯಿಂದ ಇದು ಅವರ ಪ್ರಬಂಧಗಳಷ್ಟು ಬಿಗಿಯಾಗಿಲ್ಲ, ಕಾಕತಾಳೀಯಗಳು ಹೆಚ್ಚು. ಆದರೆ ಮದುವೆಯೇ ಹೆಣ್ಣಿನ ಬದುಕಿನ ಕೊನೆಯ ನಿಲ್ದಾಣವಲ್ಲ ಎಂದು ಆ ಕಾಲದಲ್ಲಿ ಕಥೆಯನ್ನು ಮುಗಿಸಿದ ಗಟ್ಟಿತನ ಅಲ್ಲಿದೆ.

ಶಾಲೆಯ ಹೊರಗೆ ಅವರು ಮಾಡಿದ ಕೆಲಸವೇನು?

1916ರಲ್ಲಿ ಅವರು ಕಲ್ಕತ್ತಾದಲ್ಲಿ ಅಂಜುಮನ್-ಎ-ಖವಾತೀನ್-ಎ-ಇಸ್ಲಾಂ ಎಂಬ ಮುಸ್ಲಿಂ ಮಹಿಳೆಯರ ಸಂಘವನ್ನು ಕಟ್ಟಿದರು. ವಿಧವೆಯರಿಗೆ ನೆರವು, ಬಡ ಹುಡುಗಿಯರ ಓದಿಗೆ ಸಹಾಯ, ಕೊಳೆಗೇರಿಗಳ ಹೆಂಗಸರಿಗೆ ಅಕ್ಷರ ಮತ್ತು ಕೈಗೆಲಸ ಕಲಿಸುವುದು ಅದರ ಕೆಲಸ. ಸಂಘದ ಆರಂಭದ ದಿನಗಳ ಒಂದು ಪ್ರಸಂಗ ಸ್ವಾರಸ್ಯಕರವಾಗಿದೆ: ಒತ್ತಾಯಕ್ಕೆ ಮಣಿದು ಬಂದಿದ್ದ ಮಹಿಳೆಯೊಬ್ಬರು ಕಲಾಪ ಮುಗಿದ ಮೇಲೆ, ಸಭೆ ಇದೆಯೆಂದು ಮನೆಯಿಂದ ಹೊರಡಿಸಿದಿರಿ, ಆ ಸಭೆ ಎಲ್ಲಿಯೂ ಕಾಣಲೇ ಇಲ್ಲವಲ್ಲ ಎಂದು ಕೇಳಿದರಂತೆ. ಸಭೆಯೆಂದರೆ ತಾವೇ ಎಂಬುದು ಅವರಿಗೆ ತಿಳಿದಿರಲಿಲ್ಲ. 1926ರಲ್ಲಿ ಬಂಗಾಳದ ಮಹಿಳಾ ಶಿಕ್ಷಣ ಸಮ್ಮೇಳನದ ಅಧ್ಯಕ್ಷತೆಯನ್ನೂ ರೋಕೆಯಾ ವಹಿಸಿದ್ದರು.

ಬಂಗಾಳದಲ್ಲಿ ಹೆಣ್ಣುಮಕ್ಕಳ ಶಿಕ್ಷಣ ಆರಂಭವಾದದ್ದು ಅವರಿಂದಲೇ?

ಅಲ್ಲ. ಕಲ್ಕತ್ತಾದಲ್ಲಿ ಬೆಥೂನ್ ಶಾಲೆ 1849ರಲ್ಲೇ ಆರಂಭವಾಗಿತ್ತು. ಕಾದಂಬಿನಿ ಗಂಗೂಲಿ ಮತ್ತು ಚಂದ್ರಮುಖಿ ಬಸು 1883ರಲ್ಲಿ ಪದವೀಧರೆಯರಾಗಿದ್ದರು. ಮುಸ್ಲಿಮರಲ್ಲಿಯೂ ಕೊಮಿಲ್ಲಾದ ನವಾಬ್ ಫೈಜುನ್ನೀಸಾ ಚೌಧುರಾಣಿ 1873ರಲ್ಲೇ ಹುಡುಗಿಯರ ಶಾಲೆ ತೆರೆದಿದ್ದರು. 'ಮೊಟ್ಟಮೊದಲು' ಎಂಬ ಪದವನ್ನು ಹಚ್ಚಿದರೆ ಮಾತ್ರ ಗೌರವ ಸಲ್ಲುತ್ತದೆಂದು ಭಾವಿಸುವ ನಮ್ಮ ಚಟಕ್ಕೆ ರೋಕೆಯಾರನ್ನು ಒಗ್ಗಿಸಬೇಕಾಗಿಲ್ಲ.

ಅವರ ಸಮಾಧಿ ಎಲ್ಲಿದೆ? ಶಾಲೆ ಈಗಲೂ ಇದೆಯೇ?

ಸಾಯುವ ಹಿಂದಿನ ರಾತ್ರಿಯವರೆಗೂ ಅವರು ಬರೆಯುತ್ತಿದ್ದರು. 'ನಾರೀರ್ ಅಧಿಕಾರ್' (ಹೆಣ್ಣಿನ ಹಕ್ಕು) ಎಂಬ ಅಪೂರ್ಣ ಲೇಖನ ಮೇಜಿನ ಮೇಲೆ ಸಿಕ್ಕಿತು. ಕಲ್ಕತ್ತಾದ ಉತ್ತರಕ್ಕಿರುವ ಸೋದಪುರದಲ್ಲಿ ಅವರನ್ನು ದಫನ್ ಮಾಡಲಾಯಿತು. ಕಾಲ ಕಳೆದಂತೆ ಜನ ಆ ಜಾಗವನ್ನೇ ಮರೆತಿದ್ದರು. ಇತಿಹಾಸಕಾರ ಅಮಲೇಂದು ಡೇ ಅದನ್ನು ಗುರುತಿಸಿದಾಗ ಅಲ್ಲಿ ನಡೆಯುತ್ತಿದ್ದದ್ದು ಹೆಣ್ಣುಮಕ್ಕಳ ಪ್ರೌಢಶಾಲೆ.

ಅವರು ಕಟ್ಟಿದ ಶಾಲೆ ಇಂದು ಸರ್ಕಾರಿ ಶಾಲೆಯಾಗಿ ಕೋಲ್ಕತ್ತಾದ ಲಾರ್ಡ್ ಸಿನ್ಹಾ ರಸ್ತೆಯಲ್ಲಿ ನಡೆಯುತ್ತಿದೆ. ಬಾಂಗ್ಲಾದೇಶದಲ್ಲಿ ಡಿಸೆಂಬರ್ 9ನ್ನು ರೋಕೆಯಾ ದಿನವೆಂದು ಆಚರಿಸುತ್ತಾರೆ. ರಂಗಪುರದ ವಿಶ್ವವಿದ್ಯಾಲಯಕ್ಕೂ ಢಾಕಾ ವಿಶ್ವವಿದ್ಯಾಲಯದ ವಿದ್ಯಾರ್ಥಿನಿಲಯವೊಂದಕ್ಕೂ ಅವರ ಹೆಸರನ್ನು ಇಟ್ಟರು. 2004ರಲ್ಲಿ ಬಿಬಿಸಿಯ ಬಂಗಾಳಿ ವಿಭಾಗ ಸರ್ವಕಾಲದ ಶ್ರೇಷ್ಠ ಬಂಗಾಳಿಗಳು ಯಾರೆಂದು ಕೇಳುಗರನ್ನು ಕೇಳಿದಾಗ ರೋಕೆಯಾ ಆರನೆಯ ಸ್ಥಾನದಲ್ಲಿದ್ದರು.

ಓದಲು ಯಾವುದರಿಂದ ಆರಂಭಿಸಬೇಕು?

'ಸುಲ್ತಾನಾಸ್ ಡ್ರೀಮ್' ಕಥೆಯಿಂದ. ಒಂದೇ ಕೂತಿನಲ್ಲಿ ಮುಗಿಯುತ್ತದೆ, ಅವರೇ ಬರೆದ ಇಂಗ್ಲಿಷಿನಲ್ಲಿ ಸಿಗುತ್ತದೆ. ಅನುವಾದಕರು ನಡುವೆ ಬರುವುದಿಲ್ಲ. ಅದಾದ ಮೇಲೆ 'ಅವರೋಧವಾಸಿನಿ'ಯನ್ನು ಕೈಗೆತ್ತಿಕೊಳ್ಳಿ, ಆದರೆ 47 ಪ್ರಸಂಗಗಳನ್ನು ಒಂದೇ ಉಸಿರಿಗೆ ಓದಬೇಡಿ. ದಿನಕ್ಕೆ ಎರಡೋ ಮೂರೋ ಸಾಕು. ಕಲ್ಪನೆಯ ಹೆಣ್ಣುನಾಡಿನಲ್ಲಿ ಗಂಡಸರನ್ನು ಕೂಡಿಹಾಕಿದ್ದನ್ನು ಕಂಡು ನಕ್ಕವರಿಗೆ, ಆ ನಗೆಯ ಹಿಂದಿದ್ದ ಮನೆಗಳು ಎಂಥವು ಎಂಬುದು ಈ ಕ್ರಮದಲ್ಲಿ ಓದಿದಾಗ ತಿಳಿಯುತ್ತದೆ.